ಗ್ರೇವಿಗೆ ಬಿದ್ದ ಮೈದಾ ಗಂಟು

ಕ್ರಿಸ್‌ಮಸ್ ಊಟಕ್ಕೆ ಟರ್ಕಿ ಕೋಳಿ ರೋಸ್ಟ್ ಆಗಿತ್ತು. ಅದರಿಂದ ಇಳಿದ ರಸವನ್ನು ಗ್ರೇವಿಗೆಂದು ಕುದಿಸುತ್ತಿದ್ದ ಸೆವ್ರಿನ್ ಬಾಯಿ, ಅದು ಗಟ್ಟಿಯಾಗಲೆಂದು, ತಣ್ಣೀರಿನಲ್ಲಿ ಕದಡದೆಯೇ ಒಂದು ಹಿಡಿ ಮೈದಾ ಸುರಿದರು.

ಮೈದಾದ ಹಿರಿಯ ಕಣ ಆಜ್ಞಾಪಿಸಿತು: "ಇದು ಪರಸ್ಥಳ. ಒಬ್ಬರನ್ನೊಬ್ಬರು ಬಿಡಬೇಡಿ. ಅಂಚಿನಲ್ಲಿರುವವರು ಬಾಗಿಲು ಹಾಕಿ."

ಕಣಗಳೆಲ್ಲ ಅಂಟಿಕೊಂಡು ಗಂಟಾದವು. ಸೆವ್ರಿನ್ ಬಾಯಿ ಗ್ರೇವಿಯನ್ನು ಸೋಸಿ, ಬೇರೆ ಮೈದಾ ಕದಡಿ ಬೆರೆಸಿದರು. ಗ್ರೇವಿ ಗಟ್ಟಿಯಾಯಿತು.

ಜರಡಿಯಲ್ಲಿ ಉಳಿದ ಗಂಟು ಹೇಳಿತು: "ಅಷ್ಟು ಕುದಿದರೂ ನಮ್ಮೊಳಗೆ ಒಂದು ಹನಿ ಬರಲಿಲ್ಲ."

"ಅದಕ್ಕೇ ಇಲ್ಲಿದ್ದೀರಿ," ಎಂದಿತು ಜರಡಿ.

ಸೆವ್ರಿನ್ ಬಾಯಿ ಗಂಟನ್ನು ನಾಯಿಗೆ ಹಾಕಿದರು. ನಾಯಿ ಆಸೆಯಿಂದ ಕಚ್ಚಿತು. ಒಳಗೆ ಒಣ ಹಿಟ್ಟು. ಅದು ಒಮ್ಮೆ ಸೀನಿ, ಗ್ರೇವಿ ಸೌಟು ನೆಕ್ಕಲು ಹೋಯಿತು.