ಅಡಿ ಬೋಳಾದ ಕಲ್ಲು

"ಕೇಳ್ರಪ್ಪೋ ಕೇಳಿ! ಅರಸುಮಗಳು ನಾಗಲಾದೇವಿ ಮೂರು ಒಗಟು ಹಾಕ್ತಾಳೆ. ಬಿಡಿಸಿದವನು ಕೇಳಿದ್ದನ್ನ ಅರಸರು ಕೊಡ್ತಾರೆ. ತಪ್ಪಿದವನ ತಲೆ ಸಂಜೆಯೊಳಗೆ ಕೋಟೆಬಾಗಿಲಲ್ಲಿ!"

ಹೀಗೆ ಡಂಗುರ ಸಾರಿದ ಊರು ಬೆಟ್ಟದ ಬುಡದಲ್ಲಿತ್ತು. ಬೆಟ್ಟದ ಮೇಲೆ ಅರಸನ ತಾಮ್ರದ ಕುಲುಮೆ, ಅದರ ಕೊಚ್ಚೆಯೆಲ್ಲ ಹೊಳೆಗೆ. ನೀರು ನೋಡೋಕೆ ಕನ್ನಡಿ ಹಾಗೇ ಇತ್ತು. ಕುಡಿದವರು ಹೊಟ್ಟೆ ಹಿಡಿದುಕೊಂಡು ಸಾಯುತ್ತಿದ್ದರು. ರಾಣಿಯೂ ಹೋದಳು. "ನೀರು ಕೆಟ್ಟಿದೆ" ಅಂದ ಮುದಿ ದಾದಿಯ ನಾಲಿಗೆಯನ್ನೇ ಅರಸ ಕೊಯ್ಸಿಬಿಟ್ಟ. ದಾದಿ ಹಿಂದೆ ಹೇಳಿಕೊಟ್ಟಿದ್ದನ್ನೇ ಮಗಳು ಒಗಟು ಮಾಡಿದಳು. ತಲೆಯ ಷರತ್ತು ಮಾತ್ರ ಅಪ್ಪನದು.

ಮೊದಲು ದಂಡನಾಯಕ ಬಂದ. ನಾಗಲಾದೇವಿ ಕೇಳಿದಳು: "ನೀರಲ್ಲಿ ಮೂರು ವರ್ಷ ಉಂಡು ಬೆಳೆದು, ಗಾಳಿಗೆ ಬಂದು ಮೂರು ವಾರ ಉಪವಾಸವಿದ್ದು ಸಾಯೋದು ಯಾರು? ಬೆನ್ನಲ್ಲಷ್ಟೇ ಸೀಳಿದ ಅಂಗೀನ, ಆರು ಕಾಲು ಎರಡು ಬಾಲದ ಸಮೇತ ಬಂಡೆ ಮೇಲೆ ಬಿಟ್ಟು ಹೋಗೋದು ಯಾರು? ಕತ್ತಿಯಿಲ್ಲದ ಯಾವ ಕಾವಲುಗಾರ ಹೋದರೆ ಮನೆಗೆ ಸಾವು ಬರುತ್ತೆ?"

"ಕಪ್ಪೆ, ಹಾವು, ಭೈರವ!" ಅಂದ, ಮೀಸೆ ತಿರುವಿ.

"ಹಾವಿಗೆ ಕಾಲೆಲ್ಲಿಂದ ಬಂತು, ನಾಯಕರೇ?"

ಸಂಜೆಗೆ ಆ ಮೀಸೆ ಕೋಟೆಬಾಗಿಲಲ್ಲಿತ್ತು.

ಮಾರನೆಯ ದಿನ ಪಂಡಿತ. "ಮೂರಕ್ಕೂ ಆತ್ಮವೇ ಉತ್ತರ!"

"ಆತ್ಮಕ್ಕೆ ಬಾಲ ಎಷ್ಟು, ಪಂಡಿತರೇ?" ಅಂದಳು. ಸಭೆ ನಕ್ಕಿತು. ಅವಳು ನಗಲಿಲ್ಲ.

ಮೂರನೆಯ ದಿನ ಏಡಿ ಹಿಡಿಯೋ ಜಡಿಯ ಬಂದ. ಅವನ ಜನ ಹೊಳೆಗೆ ಬಗ್ಗುವ ಮುಂಚೆ ಒಂದು ಕಲ್ಲು ಮಗುಚಿ ನೋಡುವವರು. ಅಡಿಯಲ್ಲಿ ಹುಳ ಹರಿದಾಡಿದರೆ ಕುಡಿಯಬೇಕು, ಇಲ್ಲದಿದ್ದರೆ ಇಲ್ಲ. ಅವನ ಹೆಂಡತಿ ಸಣ್ಣಿ, ತುಂಬು ಬಸುರಿ, ಬಾಯಾರಿಕೆ ತಡೆಯದೆ ಒಂದು ಮಧ್ಯಾಹ್ನ ಕಲ್ಲು ಮಗುಚದೆ ಕುಡಿದಳು. ಅವಳನ್ನು ಹೂಳಿದ ಗುಂಡಿಯ ಮಣ್ಣು ಇನ್ನೂ ಹಸಿಯಾಗಿತ್ತು.

ಆಳು ಚೊಂಬು ಕೊಟ್ಟ. ನಾಲಿಗೆ ಒಣಗಿದ್ದರೂ ಜಡಿಯ ಅದನ್ನು ಕೆಳಗಿಟ್ಟ. "ಹೊಳೇದಾ? ಅದರೊಳಗಿನ ಒಂದು ಕಲ್ಲು ತರಿಸಿ."

"ಇಲ್ಲೂ ಏಡಿ ಹುಡುಕ್ತೀಯೇನೋ?" ಅಂದ ಅರಸ.

ಕಲ್ಲು ಬಂತು. ಜಡಿಯ ಮಗುಚಿದ. ಅಡಿ ಬೋಳು.

"ಮೂರಕ್ಕೂ ಒಂದೇ ಉತ್ತರ ತಾಯಿ, ಕಲ್ಲುನೊಣ. ಮೂರು ವರ್ಷ ಕಲ್ಲಡಿ ಬೆಳೆಯುತ್ತೆ. ಬಂಡೆ ಹತ್ತಿ ಬೆನ್ನು ಸೀಳಿ ಪೊರೆ ಬಿಡುತ್ತೆ, ರೆಕ್ಕೆ ಬಂದಮೇಲೆ ಏನೂ ತಿನ್ನಲ್ಲ. ನೀರು ಕೆಟ್ಟರೆ ಮೊದಲು ಸಾಯೋದು ಅದೇ. ಆಮೇಲೆ ನಾವು."

ನಾಗಲಾದೇವಿ ಕಣ್ಣೊರೆಸಿಕೊಂಡಳು. "ಸರಿಯಾಗಿದೆ."

"ಏನು ಬೇಕು, ಕೇಳು" ಅಂದ ಅರಸ.

"ಕುಲುಮೆ ಆರಿಸಿ."

"ನನ್ನ ನೀರು ಕೆಟ್ಟಿದೆ ಅಂತೀಯಾ? ಇವನ ನಾಲಿಗೆ..."

ಮಗಳು ಚೊಂಬು ಎತ್ತಿ ಅಪ್ಪನ ಮುಂದೆ ಹಿಡಿದಳು. "ಕೆಟ್ಟಿಲ್ಲ ಅಂದರೆ ಕುಡೀರಿ, ಅಪ್ಪಾಜಿ."

ಸಭೆಯೆಲ್ಲ ನೋಡುತ್ತಿತ್ತು. ಅರಸನ ಕೈ ಮೇಲೇಳಲಿಲ್ಲ.

ಕುಲುಮೆ ಆರಿತು. ಹೊಳೆಯ ಕಾವಲು ಜಡಿಯನದಾಯಿತು. ದಿನಾ ಕಲ್ಲು ಮಗುಚಿದ, ದಿನಾ ಬೋಳು. ನಾಲ್ಕನೆಯ ವರ್ಷ ಬಂಡೆ ಮೇಲೆ ಒಂದು ಪೊರೆ ಕಂಡಿತು, ಬೆನ್ನಲ್ಲಷ್ಟೇ ಸೀಳಿದ್ದು. ಮೊದಲ ಬೊಗಸೆ ನೀರನ್ನು ಸಣ್ಣಿಯ ಮಣ್ಣಿಗೆ ಹಾಕಿದ. ಎರಡನೆಯದನ್ನು ದಾದಿಗೆ ಕುಡಿಸಿ, "ಹೇಗಿದೆ ಅಜ್ಜೀ?" ಅಂದ.

ಅವಳೇನು ಹೇಳಿಯಾಳು, ಮಕ್ಕಳೇ? ಇನ್ನೊಂದು ಬೊಗಸೆಗೆ ಕೈಯೊಡ್ಡಿದಳು.