ತೀರ್ಥ ತರಲು ಹೋದ ಸೈಕಲ್ಲಿನವನು

"ಬುದ್ಧಿ, ತಮಗೆ ಬೇಗ ಗುಣವಾಗಲಿ ಎಂದು ನಾನು ಬೆಟ್ಟಕ್ಕೆ ನಡೆದು ಹೋಗಿ ಹರಕೆ ಸಲ್ಲಿಸಿ ಬರಲೇ?" ಎಂದು ಕರಿಬಸವ ಕೇಳಿದ.

ಮಠದ ಗುರುಗಳು ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ಕರಿಬಸವ ಅವರ ನೆಚ್ಚಿನ ಶಿಷ್ಯ. ಗುರುಗಳು ಮಲಗಿದಂದಿನಿಂದ ಅವನು ಕಾಲಿಗೆ ಚಕ್ರ ಕಟ್ಟಿಕೊಂಡಿದ್ದ. ಔಷಧಿಗೆಂದು ಪೇಟೆಗೆ ಹೋಗಿ ಬಂದ. ನಾಟಿ ವೈದ್ಯರೊಬ್ಬರನ್ನು ಹುಡುಕಿಕೊಂಡು ಪಕ್ಕದ ತಾಲ್ಲೂಕಿಗೆ ಹೋಗಿ ಬಂದ. ಸುತ್ತಲಿನ ಗುಡಿಗಳಲ್ಲೆಲ್ಲ ಅಭಿಷೇಕ ಮಾಡಿಸಿದ. ಈಗ ಹೆಗಲಿಗೆ ಚೀಲ ಹಾಕಿಕೊಂಡೇ ಅಪ್ಪಣೆ ಕೇಳಲು ಬಂದಿದ್ದ.

ಗುರುಗಳು, ಹೋಗುವೆಯಂತೆ, ಅವಸರವೇನು, ಅದಕ್ಕೆ ಮೊದಲು ಒಂದು ಕತೆ ಕೇಳು ಎಂದು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಸೈಕಲ್ ಸವಾರನಿದ್ದ. ಹಾಲು ಹಾಕುವ ಸೈಕಲ್ಲಲ್ಲ ಅವನದು. ದಪ್ಪ ಹಲ್ಲಿನ ಟೈರು, ಟಗರಿನ ಕೊಂಬಿನಂಥ ಹ್ಯಾಂಡಲ್ಲು, ಕಲ್ಲು ಜಲ್ಲಿಯ ದಾರಿಯಲ್ಲಿ ಓಡಿಸುವುದಕ್ಕೆಂದೇ ಮಾಡಿದ್ದು. ಊರಿನ ಹಿಂದೆ ಸಾಲು ಬೆಟ್ಟ. ಅದರ ತುದಿಯಲ್ಲಿ ಒಂದು ಗುಡಿ, ಗುಡಿಯ ಪಕ್ಕ ಒಂದು ಕೊಳ. ಹಿಂದೆ ಯಾತ್ರಿಕರು ನಡೆದು ಹೋಗುತ್ತಿದ್ದ ಹಳೆಯ ದಾರಿ ಕಾಡಿನೊಳಗೆ ಸುತ್ತಿಕೊಂಡು ಮೇಲೆ ಹೋಗುತ್ತಿತ್ತು. ಈಚೆಗೆ ಬೆಟ್ಟದ ಇನ್ನೊಂದು ಮಗ್ಗುಲಿಗೆ ಡಾಂಬರು ರಸ್ತೆ ಬಂದು ಜನರೆಲ್ಲ ಬಸ್ಸು ಹತ್ತಿದರು. ಹಳೆಯ ದಾರಿ ಹರಕೆಯವರಿಗೂ ಈ ಸವಾರನಿಗೂ ಉಳಿಯಿತು.

ಜಲ್ಲಿಯ ಏರಿನಲ್ಲಿ ಸೈಕಲ್ ತುಳಿಯುವವರಿಗೆ ಒಂದು ಪಾಠ ಮೊದಲ ದಿನವೇ ಸಿಗುತ್ತದೆ. ಏರಿನ ನಡುವೆ ನಿಲ್ಲಬಾರದು. ನಿಂತರೆ ಮತ್ತೆ ಹೊರಡುವುದಕ್ಕಾಗದು, ಚಕ್ರ ಕಲ್ಲು ಕೆದರುತ್ತದೆ, ಹಿಂದಕ್ಕೆ ಜಾರುತ್ತದೆ. ಎದೆ ಒಡೆಯುವಂತಾದರೂ ತುಳಿಯುತ್ತಿರಬೇಕು. ಈ ಪಾಠ ಸವಾರನ ಮೈಗೆ ಹತ್ತಿತ್ತು. ಬೆಟ್ಟದಲ್ಲಿ ಅದು ಅವನನ್ನು ಕಾಪಾಡಿತು. ಮನೆಗೂ ಅದನ್ನೇ ತಂದ, ಅಲ್ಲಿ ಕೆಟ್ಟ.

ಅವನ ಹೆಂಡತಿಗೆ ಕಾಯಿಲೆಯಾಯಿತು. ದೊಡ್ಡ ಆಸ್ಪತ್ರೆಗಳೆಲ್ಲ ಆದವು. ಕೊನೆಗೆ ವೈದ್ಯರು, ಇನ್ನು ಮನೆಯಲ್ಲಿ ನೆಮ್ಮದಿಯಾಗಿ ಇಟ್ಟುಕೊಳ್ಳಿ ಎಂದು ಹೇಳಿ ಕಳಿಸಿದರು. ಅವಳ ಅಕ್ಕ ಬಂದು ಆರೈಕೆಗೆ ನಿಂತಳು. ಸವಾರ ಮಂಚದ ಅಂಚಿನಲ್ಲಿ ಕೂರುತ್ತಿದ್ದ. ಕೂತರೆ ಅವಳ ಮಣಿಕಟ್ಟಿನ ಎಲುಬು ಕಾಣುತ್ತಿತ್ತು. ಉಸಿರು ಎಳೆದುಕೊಳ್ಳುವ ಸದ್ದು ಕೇಳುತ್ತಿತ್ತು. ಮುಂದಿನ ಉಸಿರು ಬರುತ್ತದೋ ಇಲ್ಲವೋ ಎಂದು ಅವನ ಉಸಿರೂ ನಿಲ್ಲುತ್ತಿತ್ತು. ಮೈಮೇಲೆ ಇರುವೆ ಹತ್ತಿದವನ ಹಾಗೆ ಎದ್ದುಬಿಡುತ್ತಿದ್ದ. ಕಿಟಕಿ ತೆಗೆಯುವನು, ಹಾಕುವನು. ಮಾತ್ರೆ ಎಣಿಸುವನು. ಯಾರಿಗೋ ಫೋನು ಮಾಡುವನು. ಹೆಂಡತಿ ಅವನನ್ನು ನೋಡುತ್ತ ಮಲಗಿರುತ್ತಿದ್ದಳು.

ಆ ಬೆಟ್ಟದಲ್ಲಿ ಒಂದು ಕಟ್ಟಳೆ ಇತ್ತು. ಕಾಯಿಲೆಯವರಿಗೆ ಕೊಳದ ತೀರ್ಥ ಒಯ್ಯುವವನು ಹಳೆಯ ದಾರಿಯಲ್ಲೇ, ತನ್ನ ಕಾಲಿನ ಬಲದಿಂದಲೇ ಹೋಗಿ ಬರಬೇಕು. ತೀರ್ಥ ತುಂಬಿಕೊಂಡ ಮೇಲೆ ಅದನ್ನು ಕಾಯಿಲೆಯವರ ತುಟಿಗೆ ಮುಟ್ಟಿಸುವವರೆಗೆ ಎಲ್ಲೂ ಕೂರಬಾರದು. ಅಕ್ಕಪಕ್ಕದವರು ಇದನ್ನು ಹೇಳಿದಾಗ ಸವಾರನಿಗೆ ಹೋದ ಜೀವ ಬಂದಂತಾಯಿತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಕೂರಲಾರದವನಿಗೆ ಕೂರಬೇಡ ಎಂದು ದೇವರೇ ಹೇಳಿದಂತಾಯಿತು. ಅವನಿಗೆ ಇದ್ದದ್ದು ಹೆದರಿಕೆ. ಅದನ್ನು ಅವನು ಭಕ್ತಿ ಎಂದುಕೊಂಡ.

ಮರುದಿನ ಬೆಳಗ್ಗೆ ಹೊರಟ. ಗುಡಿಯ ಪೂಜಾರಿಗೆ ಸೈಕಲ್ ಕಂಡು ಗೊಂದಲ. ಇದು ಕಾಲಿನ ಬಲವೋ ಚಕ್ರದ ಬಲವೋ ಎಂದು ತುಸು ಹೊತ್ತು ತಲೆ ಕೆರೆದುಕೊಂಡ. ತುಳಿಯುವುದು ಕಾಲೇ ತಾನೇ ಎಂದು ಒಪ್ಪಿದ, ಆದರೆ ಸೀಟಿನ ಮೇಲೆ ಕೂರುವ ಹಾಗಿಲ್ಲ ಎಂದ. ಸವಾರ ನಕ್ಕ. ಜಲ್ಲಿಯ ಇಳಿಜಾರಿನಲ್ಲಿ ಬಲ್ಲವರು ಯಾರೂ ಸೀಟಿನ ಮೇಲೆ ಕೂರುವುದಿಲ್ಲ, ಪೆಡಲ್ ಮೇಲೆ ನಿಂತೇ ಇಳಿಯುತ್ತಾರೆ. ಮುಚ್ಚಳದ ತಂಬಿಗೆಯಲ್ಲಿ ತೀರ್ಥ ತುಂಬಿ, ಹ್ಯಾಂಡಲ್ಲಿಗೆ ಬಿಗಿದು ಹೊರಟ.

ಆ ದಿನ ಅವನ ಕಣ್ಣು ದಾರಿಯ ಮೇಲಿರಲಿಲ್ಲ, ತಂಬಿಗೆಯ ಮೇಲಿತ್ತು. ಒಂದು ತಿರುವಿನಲ್ಲಿ ಸಡಿಲ ಕಲ್ಲಿಗೆ ಚಕ್ರ ಸಿಕ್ಕಿ ಬಿದ್ದ. ಮೊಣಕಾಲು ತರಚಿತು, ಅಂಗೈಗೆ ಜಲ್ಲಿ ಹೊಕ್ಕಿತು, ಅರ್ಧ ತೀರ್ಥ ಚೆಲ್ಲಿತು. ಉಳಿದರ್ಧ ಹಿಡಿದುಕೊಂಡು, ಬಿದ್ದು ಬಂದ ಹುಡುಗನ ಮುಖ ಮಾಡಿಕೊಂಡು ಮನೆಗೆ ಬಂದ.

ಹೆಂಡತಿ ತೀರ್ಥ ಕುಡಿದಳು. ಆಮೇಲೆ ಅವನ ಅಂಗೈ ನೋಡಿದಳು. ಅಕ್ಕನಿಂದ ಬಿಸಿನೀರು, ಹತ್ತಿ ತರಿಸಿಕೊಂಡಳು. ಅವನನ್ನು ಮಂಚದ ಅಂಚಿನಲ್ಲಿ ಕೂರಿಸಿಕೊಂಡು ಅಂಗೈಯೊಳಗಿನ ಕಲ್ಲಿನ ಚೂರುಗಳನ್ನು ಒಂದೊಂದಾಗಿ ತೆಗೆದಳು. ಅವಳ ಕೈ ನಡುಗುತ್ತಿತ್ತು, ಅದರಿಂದ ಬಹಳ ಹೊತ್ತು ಹಿಡಿಯಿತು. ಅವನು ಏಳುವ ಹಾಗಿರಲಿಲ್ಲ, ಕೈ ಅವಳ ಹತ್ತಿರವಿತ್ತು. ಮದುವೆಯಾದ ಹೊಸದರಲ್ಲಿ ಅವನು ಇನ್ನೊಮ್ಮೆ ಹೀಗೆ ಬಿದ್ದದ್ದು ನೆನಪಾಗಿ ಇಬ್ಬರೂ ನಕ್ಕರು. ಅಂದು ಸಂಜೆ ಅವಳು ತಾನಾಗಿ ಗಂಜಿ ಕೇಳಿ ಕುಡಿದಳು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ತೀರ್ಥದ ಮಹಿಮೆ ನೋಡಿದಿರಾ ಎಂದು ಸವಾರ ಕೇರಿಗೆಲ್ಲ ಹೇಳಿದ. ಅರ್ಧ ತಂಬಿಗೆಗೆ ಇಷ್ಟಾದರೆ ತುಂಬಿದ ತಂಬಿಗೆಗೆ ಎಷ್ಟಾದೀತು ಎಂದು ಲೆಕ್ಕ ಹಾಕಿದ. ದಿನ ಬಿಟ್ಟು ದಿನ ಬೆಟ್ಟ ಹತ್ತತೊಡಗಿದ. ಮನೆಗೆ ಬರುವನು, ತುಟಿಗೆ ಮುಟ್ಟಿಸುವನು, ಸೈಕಲ್ ತಿರುಗಿಸಿ ಹಾಕಿ ಚೈನಿಗೆ ಎಣ್ಣೆ ಬಿಡುವನು, ಟೈರು ಒತ್ತಿ ನೋಡುವನು. ಈಗ ಅವನು ಬೀಳುತ್ತಿರಲಿಲ್ಲ. ಅಂಗೈ ಮಾಯಿತು. ಹೆಂಡತಿ ಗಂಜಿ ಕೇಳುವುದನ್ನು ಬಿಟ್ಟಳು. ಅದು ಕಂಡಷ್ಟೂ ಅವನು ಇನ್ನೂ ಜೋರಾಗಿ ತುಳಿದ. ಏರಿನಲ್ಲಿ ನಿಲ್ಲಬಾರದಲ್ಲ.

ಒಂದು ಬೆಳಗ್ಗೆ ಅವನು ತಂಬಿಗೆ ಕಟ್ಟುತ್ತಿರುವಾಗ ಅವಳು ಕರೆದಳು.

"ಇವತ್ತು ಬೇಡ ರೀ. ಇಲ್ಲೇ ಇರಿ," ಎಂದಳು.

"ಬೇಗ ಬಂದುಬಿಡ್ತೀನಿ. ಒಂದು ಹನಿನೂ ಚೆಲ್ಲದ ಹಾಗೆ ತರ್ತೀನಿ, ನೋಡ್ತಿರು."

"ನೀವು ಬಿದ್ದು ಬಂದಿದ್ರಲ್ಲ, ಆವತ್ತು ಚೆನ್ನಾಗಿತ್ತು," ಎಂದಳು ಅವಳು.

ತಮಾಷೆ ಮಾಡುತ್ತಿದ್ದಾಳೆ, ಹಾಗಾದರೆ ಇವತ್ತು ಗೆಲುವಾಗಿದ್ದಾಳೆ ಎಂದುಕೊಂಡು ಅವನು ಸಮಾಧಾನದಿಂದ ಹೊರಟ.

ಅಂದಿನಂತೆ ಅವನು ಎಂದೂ ಸೈಕಲ್ ಓಡಿಸಿರಲಿಲ್ಲ. ಏರಿನಲ್ಲಿ ಕಾಲು ಊರಲಿಲ್ಲ. ಇಳಿಜಾರಿನಲ್ಲಿ ಸೀಟು ಮುಟ್ಟಲಿಲ್ಲ. ಕಲ್ಲು ಸರಿದರೆ ಸೈಕಲ್ಲನ್ನು ಅದರಷ್ಟಕ್ಕೆ ಸರಿಯಲು ಬಿಟ್ಟ, ಬ್ರೇಕನ್ನು ಬೆರಳ ತುದಿಯಲ್ಲಿ ಮುಟ್ಟಿ ಬಿಟ್ಟ. ಮನಸ್ಸಿನಲ್ಲಿ ಒಂದೇ ಮಾತು. ಬೇಗ, ಇನ್ನೂ ಬೇಗ. ಊರು ಕಂಡಿತು. ಕೇರಿ ಬಂತು. ಅಂಗಳದಲ್ಲಿ ಚಪ್ಪಲಿಗಳು ಬಹಳ ಇದ್ದವು.

ಒಳಗೆ ಮಂಚದ ಸುತ್ತ ಜನ ನಿಂತಿದ್ದರು. ಅವಳ ಮುಖ ಮುಚ್ಚಿದ್ದರು. ಅವಳು ಗೋಡೆಯ ಕಡೆ ಒತ್ತರಿಸಿಕೊಂಡು ಮಲಗಿದ್ದಳು, ಮಂಚದ ಈಚೆಯ ಅಂಚು ಖಾಲಿಯಿತ್ತು. ಯಾಕೆ ಹೀಗೆ ಮೂಲೆಗೆ ಮಲಗಿಸಿದ್ದೀರಿ ಎಂದು ಅವನು ಕೇಳಿದ. ನಾವಲ್ಲ, ಅವಳೇ ಸರಿದು ಮಲಗಿದಳು, ನೀವು ಬಂದರೆ ಕೂರಲು ಜಾಗ ಬೇಕು ಅಂದಳು ಎಂದು ಅವಳ ಅಕ್ಕ ಹೇಳಿ ಅತ್ತಳು.

ಸವಾರನ ಕೈಯಲ್ಲಿ ತಂಬಿಗೆ ಇತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ. ಹಿರಿಯರೊಬ್ಬರು ಬಂದು, ಕೂತುಕೊಳ್ಳಪ್ಪ ಎಂದು ಭುಜ ಹಿಡಿದರು. ಅವನು ಕೂರಲಿಲ್ಲ. ಕಾಯಿಲೆಯವರ ತುಟಿಗೆ ಮುಟ್ಟಿಸುವವರೆಗೆ ಕೂರುವ ಹಾಗಿಲ್ಲ ಎಂದ. ಮಣ್ಣು ಮುಗಿಸಿ ಬಂದ ಮೇಲೂ ಕೂರಲಿಲ್ಲ. ಆ ಹಳೆಯ ದಾರಿಯಲ್ಲಿ ಹರಕೆಗೆ ನಡೆಯುವವರಿಗೆ ಅವನು ಇವತ್ತಿಗೂ ಎದುರಾಗುತ್ತಾನಂತೆ. ನಿಂತೇ ತುಳಿಯುತ್ತಿರುತ್ತಾನಂತೆ.

ಗುರುಗಳು ಕತೆ ನಿಲ್ಲಿಸಿ ಕಣ್ಣು ಮುಚ್ಚಿದರು. ಅಷ್ಟು ಮಾತಾಡಿದ್ದಕ್ಕೆ ಅವರಿಗೆ ಏದುಸಿರು ಬರುತ್ತಿತ್ತು. ಕರಿಬಸವನಿಗೆ ಸವಾರನ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.

"ಹಾಗಾದರೆ ಅವನು ಏನು ಮಾಡಬೇಕಾಗಿತ್ತು ಬುದ್ಧಿ?" ಎಂದು ಕೇಳಿದ.

ಗುರುಗಳು ಕಣ್ಣು ತೆರೆದು ಅವನನ್ನು ನೋಡಿದರು.

"ಅದನ್ನೂ ನಿಂತುಕೊಂಡೇ ಕೇಳುತ್ತಿದ್ದೀಯಲ್ಲ, ಮಗು."

ಕರಿಬಸವ ಚೀಲ ಕೆಳಗಿಟ್ಟು ಹಾಸಿಗೆಯ ಪಕ್ಕ ಕೂತ.