ಹೊಟ್ಟೆ ಮುಚ್ಚದ ಕೌದಿ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಆ ಆಶ್ರಮದಲ್ಲಿ ಹಳೆ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದ ಒಂದು ಕೌದಿ.

ಓದು ಮುಗಿಸಿ, ಗುರುಗಳು ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ಟವನಿಗೆ ಮಾತ್ರ ಅದರ ಮೇಲೆ ಕೂಡುವ ಹಕ್ಕು. ಅವನು ತಾನು ತೊಟ್ಟು ಹಳತಾದ ಬಟ್ಟೆಯ ತುಂಡೊಂದನ್ನು ಕೊಡಬೇಕು. ಗುರುಗಳ ಹೆಂಡತಿ, ಹುಡುಗರೆಲ್ಲ ಅವ್ವ ಎಂದು ಕರೆಯುತ್ತಿದ್ದ ನೀಲಮ್ಮ, ಅದನ್ನು ಕೌದಿಯ ಅಂಚಿಗೆ ಹಚ್ಚಿ ಹೊಲಿಯುತ್ತಿದ್ದಳು. ಅಂದಿನಿಂದ ಅವನು ಕೌದಿ ಬಳಗದವ. ಯಾವ ಊರಿಗೆ ಹೋದರೂ ಜನ ಎದ್ದು ಜಾಗ ಕೊಡುತ್ತಿದ್ದರು.

ಆ ವರ್ಷ ಗೆದ್ದವನು ಅಡಿವೆಪ್ಪ ಒಬ್ಬನೇ.

ಆ ವರ್ಷವೇ ನೀಲಮ್ಮ ತೀರಿಕೊಂಡಿದ್ದಳು.

ಬಳಗದವರು ಊರೂರಿನಿಂದ ಬಂದರು. ಗುರುಗಳು ಕೌದಿ ತಂದು ಹಾಸಿದರು. ಹಾಸಿ, ಅದರ ಮೇಲೆ ಕೈಯಾಡಿಸಿದರು. ಸುಕ್ಕು ಹೋದ ಮೇಲೂ ಆಡಿಸುತ್ತಲೇ ಇದ್ದರು.

ಅಡಿವೆಪ್ಪ ತನ್ನ ಕೆಂಪು ಶಾಲಿನ ತುಂಡು ಹಿಡಿದು ನಿಂತಿದ್ದ.

“ಗುರುಗಳ, ಇದನ್ನ ಯಾರು ಹೊಲೀತಾರ್ರಿ?”

“ನೀನ.”

“ನನಗ ಸೂಜಿ ಹಿಡಿಯಾಕ ಬರೂದಿಲ್ರಿ.”

“ಇಲ್ಲಿಗೆ ಬಂದಾಗ ಓದಾಕ ಬರ್ತಿತ್ತೇನು?”

ಬಳಗದವರು ನಕ್ಕರು. ಅಡಿವೆಪ್ಪನೂ ನಕ್ಕ.

“ಎಲ್ಲಿ ಹಚ್ಚಲ್ರಿ?”

“ಎಲ್ಲಿ ಬೇಕಂತಿ ಅಲ್ಲಿ.”

ಅಡಿವೆಪ್ಪ ಕೌದಿಯ ನಡುವಿಗೆ ನೋಡಿದ.

ಕೌದಿಯ ನಟ್ಟನಡುವೆ ಅಂಗೈಯಗಲ ಜಾಗ ಹೊಲಿಗೆಯಿಲ್ಲದೆ ಬಾಯಿ ಬಿಟ್ಟುಕೊಂಡಿತ್ತು. ಆಶ್ರಮಕ್ಕೆ ಬಂದ ದಿನವೇ ಅವನ ಕಣ್ಣು ಅದರ ಮೇಲೆ ಬಿದ್ದಿತ್ತು. ಎಲ್ಲರಿಗಿಂತ ಮೇಲಾದವನಿಗೆ ಅವ್ವ ಕಾದಿಟ್ಟ ಜಾಗ ಅದು, ಅಂದುಕೊಂಡಿದ್ದ. ತಾಯಿಯಿಲ್ಲದ ಮನೆಯಲ್ಲಿ ಬೆಳೆದವ. ಕೌದಿ ಹೊಲಿಯುವುದನ್ನು ಹತ್ತಿರದಿಂದ ಕಂಡವನಲ್ಲ. ಆ ಜಾಗಕ್ಕಾಗಿಯೇ ಹಗಲು ರಾತ್ರಿ ಓದಿದ್ದ.

ಸೂಜಿ ಹಿಡಿದು ನಡುವಿಗೇ ಹೋಗಿ ಕೂತ.

ಬಳಗದ ಹಿರಿಯನೊಬ್ಬ, “ತಮ್ಮಾ, ಅದು...” ಎಂದು ಬಾಯಿ ತೆಗೆದ. ಗುರುಗಳು ಕೈ ಎತ್ತಿ ತಡೆದರು.

ಕೌದಿಯ ಆಚೆ, ನೆಲದ ಮೇಲೆ ಬಸಲಿಂಗ ಕೂತಿದ್ದ. ಅಡಿವೆಪ್ಪನ ಜೊತೆಗಾರ. ಬೆಳಗಾಗುವ ಮೊದಲೇ ಎದ್ದು ಅಡಿವೆಪ್ಪನ ಪಾಠ ಒಪ್ಪಿಸಿಕೊಳ್ಳುತ್ತಿದ್ದವ. ಗುರುಗಳ ಮುಂದೆ ಮಾತ್ರ ಅವನ ನಾಲಿಗೆ ತಡವರಿಸಿತ್ತು.

“ನಡಕ್ಕ ಕಣ್ಣ ಹಾಕೀಯಲ್ಲೋ!” ಅಂದ ಬಸಲಿಂಗ. “ಹಾಕು, ಹಾಕು. ಗೆದ್ದಾವ ನೀನು. ನನಗ ಮೂಲ್ಯಾಗ ಒಂದೀಟು ಜಾಗ ಬಿಡು. ಮುಂದಿನ ವರ್ಷ ಬರ್ತೀನಿ.”

ಅವನ ಮಡಿಲಲ್ಲೂ ಒಂದು ತುಂಡಿತ್ತು. ಹಳೆ ಧೋತರದ್ದು. ತೊಳೆದು ಮಡಿಚಿಟ್ಟುಕೊಂಡಿದ್ದ.

ಅಡಿವೆಪ್ಪ ಹೊಲಿಯತೊಡಗಿದ. ಬೆರಳಿಗೆ ಚುಚ್ಚಿತು. ದಾರ ಗಂಟಾಯಿತು. ಬಿಡಿಸಿ ಮತ್ತೆ ಹೊಲಿದ. ಮಾಸಿದ ಬಣ್ಣಗಳ ನಡುವೆ ಅವನ ಕೆಂಪು ತುಂಡು ಎದ್ದು ಕಂಡಿತು. ನೋಡಿ ಅವನಿಗೇ ಹೆಮ್ಮೆಯಾಯಿತು.

ಇನ್ನು ಒಂದು ಬದಿ ಉಳಿದಿತ್ತು. ಗುರುಗಳು ಒಳಗೆ ಹೋಗಿ ಒಂದು ಜೋಳದ ರೊಟ್ಟಿ ತಂದರು.

“ತಡಿ. ಇದನ್ನ ಒಳಗಿಟ್ಟು ಮುಚ್ಚು.”

“ರೊಟ್ಟಿ ಯಾಕ್ರಿ?”

“ಇದು ಕೌದಿ ಹೊಟ್ಟಿ. ಮುಗಿಸುವಾಗ ಬರೇ ಹೊಟ್ಟಿ ಮುಚ್ಚಬಾರದು. ಹೆಣ್ಮಕ್ಕಳು ಹಿಂಗ ಮಾಡ್ತಾರ.”

ಅಡಿವೆಪ್ಪ ರೊಟ್ಟಿ ಒಳಗಿಟ್ಟ. ಸೂಜಿ ಚುಚ್ಚಿದ. ಅಲ್ಲೇ ನಿಲ್ಲಿಸಿದ.

“ಮುಗಿಸುವಾಗ ಅಂದ್ರೀ?”

“ಹೂಂ. ಹೊಟ್ಟಿ ಮುಚ್ಚಿದ್ರ ಕೌದಿ ಮುಗೀತು. ಆಮ್ಯಾಗ ಅದಕ್ಕ ಯಾರ ತುಂಡೂ ಹಚ್ಚೂದಿಲ್ಲ.”

“ಬಸಲಿಂಗಂದು?”

“ಇಲ್ಲ.”

“ಅವನ ಹಿಂದ ಬರಾವ್ರದು?”

“ಯಾರದೂ ಇಲ್ಲ. ನೀನ ಕಡೀಯಾವ. ಎಲ್ಲಾರ ನಡುವಿನಾವ. ಇದಕ್ಕಿಂತ ದೊಡ್ಡ ಮರ್ಯಾದಿ ಈ ಆಶ್ರಮದಾಗ ಇಲ್ಲ. ಹೊಲಿ.”

ಅಡಿವೆಪ್ಪ ತಲೆ ಎತ್ತಿ ಕೌದಿಯ ಆಚೆ ನೋಡಿದ.

ಬಸಲಿಂಗ ತಲೆ ತಗ್ಗಿಸಿ ಮಡಿಲಿನ ತುಂಡನ್ನು ಇನ್ನೂ ಸಣ್ಣಗೆ ಮಡಿಚುತ್ತಿದ್ದ.

“ಗುರುಗಳ, ಅವ್ವ ಇಷ್ಟು ವರ್ಷ ಇದನ್ನ ಯಾಕ ಮುಚ್ಚಲಿಲ್ಲರಿ?”

ಗುರುಗಳು ಹೊಳೆಯ ಕಡೆ ನೋಡಿದರು.

ಅಡಿವೆಪ್ಪ ಕೆಂಪು ತುಂಡಿನ ಮೇಲೆ ಕೈಯಿಟ್ಟ. ಚೆಂದ ಕೂತಿತ್ತು. ಹೇಳಿ ಮಾಡಿಸಿದಂತೆ ಕೂತಿತ್ತು.

ಬಗ್ಗಿ, ಹಲ್ಲಿನಿಂದ ದಾರ ಕಡಿದ.

ಒಂದೊಂದೇ ಹೊಲಿಗೆ ಬಿಚ್ಚಿದ. ಹೊಲಿಯಲು ಹಿಡಿದದ್ದಕ್ಕಿಂತ ಬಿಚ್ಚಲು ಹೆಚ್ಚು ಹೊತ್ತು ಹಿಡಿಯಿತು. ರೊಟ್ಟಿ ತೆಗೆದು ಗುರುಗಳ ಮುಂದಿಟ್ಟ. ತುಂಡು ಎತ್ತಿಕೊಂಡು ಅಂಚಿಗೆ ಹೋದ. ಎಲ್ಲಕ್ಕಿಂತ ಕೊನೆಯ ತುಂಡಿನ ಪಕ್ಕ ಕೂತು ಮತ್ತೆ ಮೊದಲಿನಿಂದ ಹೊಲಿದ.

ಹೊಲಿದಾದ ಮೇಲೆ ಸೂಜಿಗೆ ಹೊಸ ದಾರ ಪೋಣಿಸಿ, ತನ್ನ ತುಂಡಿನ ಪಕ್ಕದಲ್ಲಿ ಚುಚ್ಚಿಟ್ಟ.

“ಯಾಕೋ, ನಡಾ ಬ್ಯಾಡಾತೇನು?” ಬಸಲಿಂಗ ಮಡಿಚಿದ ತುಂಡನ್ನು ಬಿಡಿಸುತ್ತ ಕೇಳಿದ.

“ಅಲ್ಲಿ ಗಾಳಿ ಬರೂದಿಲ್ಲೋ. ನೀ ಮೊದಲು ಪಾಠ ನೆಟ್ಟಗ ಕಲಿ. ನಾಳೆ ಬೆಳಗಿನಿಂದ ನಾ ಒಪ್ಪಿಸ್ಕೋತೀನಿ.”

ಗುರುಗಳು ಅಂಚಿಗೆ ಬಂದು ಕೂತರು. ಕೆಂಪು ತುಂಡಿನ ಹೊಲಿಗೆ ಮುಟ್ಟಿ ನೋಡಿದರು. ಸೊಟ್ಟಂಬಟ್ಟ ಹೊಲಿಗೆ. ನೀಲಮ್ಮನ ಸಾಲು ಹೊಲಿಗೆಯ ಪಕ್ಕದಲ್ಲಿ ಅದು ಇನ್ನೂ ಸೊಟ್ಟಗೆ ಕಂಡಿತು.

ಗುರುಗಳು ತಲೆ ಎತ್ತಿ ಬಳಗದವರನ್ನು ನೋಡಿದರು. ನೀಲಮ್ಮ ಹೋದಂದಿನಿಂದ ಬಾಗಿದ್ದ ಬೆನ್ನು ನೆಟ್ಟಗಾಗಿತ್ತು.

“ನೋಡ್ರೆಪಾ. ನನ್ನ ಹುಡುಗ.”

ಬಳಗದವರು ಸರಿದು ಜಾಗ ಮಾಡಿದರು. ಅಡಿವೆಪ್ಪ ಕೌದಿಯ ಮೇಲೆ ಕೂತ.

ಗುರುಗಳು ರೊಟ್ಟಿ ಮುರಿದರು. ಅರ್ಧ ಅವನ ಕೈಗಿಟ್ಟರು, ಅರ್ಧ ಬಸಲಿಂಗನ ಕೈಗೆ.

“ಉಣ್ರಿ. ಕೌದಿ ಹಸಕೊಂಡಿರಲಿ, ಹುಡುಗರು ಹಸಕೊಂಡಿರಬಾರದು ಅಂತಿದ್ದಳು ನಿಮ್ಮವ್ವ.”